ನೆಗ್ಗಿದ ಹಿತ್ತಾಳೆ ಕೊಡಪಾನ: ಮನೆಯಲ್ಲೇ ಕಾಯಿಸಿ ಹದ ಮಾಡುವ ಸಮಗ್ರ ಮಾರ್ಗದರ್ಶಿ

ಅಟ್ಟದಿಂದ ಇಳಿಸಿದ ಕೊಡಪಾನದ ಹೊಟ್ಟೆಯಲ್ಲಿ ಅಂಗೈ ಅಗಲದ ನೆಗ್ಗು. ಒಳಗಿನಿಂದ ಮರದ ತುಂಡಿನಲ್ಲಿ ತಟ್ಟಿದರೆ ಮೊದಲೆರಡು ಏಟಿಗೆ ಸ್ವಲ್ಪ ಏಳುತ್ತದೆ. ಆಮೇಲೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಹಟ ಹಿಡಿದು ಇನ್ನೂ ನಾಲ್ಕು ಬಿಟ್ಟರೆ ನೆಗ್ಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸುತ್ತದೆ, ಪಾತ್ರೆ ಗುಜರಿಗೆ ಹೋಗುತ್ತದೆ. ಕಾಸರಗೋಡು ಸೀಮೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆ ಮನೆಗಳಲ್ಲಿ ಹೀಗೆ ಕೈಬಿಟ್ಟ ಕೊಡಪಾನ, ಚೆಂಬು, ಹರಿವಾಣಗಳು ಕಡಿಮೆಯಿಲ್ಲ. ಅವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಬಡಿಯುವ ಮೊದಲು ಹಿತ್ತಾಳೆಯನ್ನು ಸರಿಯಾದ ಬಿಸಿಗೆ ಕಾಯಿಸಿ ಮೆದು ಮಾಡಿಕೊಳ್ಳಬೇಕು, ಅಷ್ಟೆ. ಇಂಗ್ಲಿಷಿನವರು ಅನೀಲಿಂಗ್ ಎನ್ನುವ ಕೆಲಸ ಇದೇ.

ಕೆಲಸ ಕೆಡುವುದು ಬಿಸಿ ಸಾಲದೆ ಅಲ್ಲ, ಬಿಸಿ ಹೆಚ್ಚಾಗಿ. ಅದೂ ಹಗಲು ಬೆಳಕಿನಲ್ಲಿ ಕಾಯಿಸಿದ್ದರಿಂದ. ಈ ಒಂದು ತಪ್ಪನ್ನು ತಪ್ಪಿಸಿದರೆ ಅರ್ಧ ಕೆಲಸ ಆದಂತೆ.

ಗಟ್ಟಿಯಾಗುವುದು ಯಾಕೆ, ಮೆದುವಾಗುವುದು ಹೇಗೆ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಇರುವುದು ತಣ್ಣಗಿದ್ದಾಗಲೇ ಬಡಿಯಲು, ಎಳೆಯಲು ಎಲ್ಲಕ್ಕಿಂತ ಒಗ್ಗುವಂಥದ್ದು. ಬಂದೂಕಿನ ಕಾಡತೂಸಿನ ಕವಚ ಇದರದ್ದೇ, ಹಾಗಾಗಿಯೇ ಇದಕ್ಕೆ ಕಾರ್ಟ್ರಿಜ್ ಬ್ರಾಸ್ ಎಂಬ ಹೆಸರು. ಅಂಗಡಿಯಲ್ಲಿ ಸಿಗುವ ತಗಡು ಸಾಮಾನ್ಯವಾಗಿ 63ಕ್ಕೆ 37ರದ್ದು. ಅದೂ ಬಡಿತಕ್ಕೆ ಬಗ್ಗುತ್ತದೆ. 60ಕ್ಕೆ 40 ಆದರೆ ಸ್ವಭಾವ ಬೇರೆ, ತಣ್ಣಗಿದ್ದಾಗ ಬಗ್ಗಿಸಲು ಹೋದರೆ ಬೇಗ ಸೀಳುತ್ತದೆ.

ಲೋಹದೊಳಗೆ ಕಣ್ಣಿಗೆ ಕಾಣದ ಹರಳುಗಳಿವೆ. ಪ್ರತಿ ಏಟಿಗೂ ಅವು ಜಾರುತ್ತವೆ, ತಿರುಚಿಕೊಳ್ಳುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಜಾರಲು ಜಾಗ ಮುಗಿದ ಮೇಲೆ ಉಳಿದ ದಾರಿ ಸೀಳುವುದೊಂದೇ. ಮೆದುವಾದ ಹಿತ್ತಾಳೆಯ ಗಡಸುತನ ವಿಕರ್ಸ್ ಅಳತೆಯಲ್ಲಿ 60–70ರ ಸುತ್ತ ಇದ್ದರೆ, ಚೆನ್ನಾಗಿ ಬಡಿಸಿಕೊಂಡದ್ದು 150 ದಾಟುತ್ತದೆ. ಪಾತ್ರೆ ಮಾಡಿದವನು ಬಡಿದೇ ಆಕಾರ ಕೊಟ್ಟಿದ್ದಾನೆ, ಕೆಳಗೆ ಬಿದ್ದು ನೆಗ್ಗಿದಾಗ ಆ ಜಾಗ ಇನ್ನಷ್ಟು ಗಟ್ಟಿಯಾಗಿದೆ. ನೀವು ತಟ್ಟಲು ಶುರು ಮಾಡುವುದು ಆಗಲೇ ದಣಿದ ಲೋಹವನ್ನು.

425 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಳೆಯ ತಿರುಚಿದ ಹರಳುಗಳ ಜಾಗದಲ್ಲಿ ಹೊಸವು ಹುಟ್ಟಿಕೊಳ್ಳುತ್ತವೆ. ಅಷ್ಟು ಕಡಿಮೆ ಬಿಸಿಯಲ್ಲಿ ಇದು ನಿಧಾನ. 600–650ರಲ್ಲಿ ಕೆಲವೇ ಸೆಕೆಂಡಿನ ಮಾತು. ಅಲ್ಲಿಗೇ ನಿಲ್ಲಿಸಿದರೆ ಹರಳು ಸಣ್ಣದು, ಮೈ ನುಣುಪು. ಇನ್ನೂ ಕಾಯಿಸುತ್ತ ಹೋದರೆ ಹರಳುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ. ಆಮೇಲೆ ಬಡಿದರೆ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ದಪ್ಪಗಾದ ಹರಳನ್ನು ಬರೀ ಬೆಂಕಿಯಿಂದ ಸಣ್ಣದು ಮಾಡಲಾಗದು. ಪುನಃ ಬಡಿದು, ಪುನಃ ಹದವಾಗಿ ಕಾಯಿಸಬೇಕು.

ಮೊದಲು ಇದು ಹಿತ್ತಾಳೆಯೇ, ಯಾವ ಹಿತ್ತಾಳೆ?

ಹಳದಿಯಾಗಿ ಹೊಳೆದದ್ದೆಲ್ಲ ಬಡಿಯುವಂಥದ್ದಲ್ಲ. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣದ ಮೇಲಿನ ಲೇಪ, ಅಲ್ಲಿಗೇ ಬಿಡಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ಬಹಳ ಹೊತ್ತು ನಾದ ಹಿಡಿದರೆ ಅದು ಕಂಚು. ಸುಮಾರು 78 ಪಾಲು ತಾಮ್ರ, 22 ಪಾಲು ತವರ ಇರುವ ಗಂಟೆ ಕಂಚು ತಣ್ಣಗಿದ್ದಾಗ ಬಡಿದರೆ ಗಾಜಿನಂತೆ ಒಡೆಯುತ್ತದೆ. ಈ ಬರಹದ ಒಂದು ಹಂತವೂ ಅದಕ್ಕೆ ಹೊಂದುವುದಿಲ್ಲ. ಕಾಲುದೀಪ, ತೂಗುದೀಪ, ಗಿಂಡಿಯ ಮೂತಿ ಇವೆಲ್ಲ ಹೆಚ್ಚಾಗಿ ಎರಕದವು. ಒಳಗೋಡೆ ಮರಳಿನಂತೆ ಒರಟು, ದಪ್ಪ ಒಂದೆಡೆ ಹೆಚ್ಚು ಒಂದೆಡೆ ಕಮ್ಮಿ ಇದ್ದರೆ ಎರಕವೆಂದೇ ತಿಳಿಯಿರಿ. ಎರಕದಲ್ಲಿ ಸೀಸ ಬೆರೆತಿರುವುದು ಸಾಮಾನ್ಯ, ಕಾಯಿಸಿ ಬಡಿದರೆ ಬಿರುಕು ಬಿಡುತ್ತದೆ. ನಲ್ಲಿ, ಸ್ಕ್ರೂ, ಬುಶ್ ಮುಂತಾದವನ್ನು ತಿರುವಲು ಬಳಸುವ ಫ್ರೀ ಕಟಿಂಗ್ ಸರಳೂ ಸೀಸದ್ದೇ. ಹೊಸ ತಗಡು ಕೊಳ್ಳುವುದಾದರೆ ಐಎಸ್ 410 ಎಂಬ ಗುರುತಿನ ತಗಡು ಕೇಳಿ. ಐಎಸ್ 319 ಎಂದರೆ ಸೀಸ ಸೇರಿದ ಸರಳು.

ಬಡಿದು ಮಾಡಿದ ಕೊಡಪಾನದ ಗೋಡೆ ಒಂದು ಮಿಲಿಮೀಟರಿನ ಆಚೀಚೆ, ಹೆಚ್ಚುಕಡಿಮೆ ಒಂದೇ ಸಮ. ಬೆಳಕಿಗೆ ಓರೆಯಾಗಿ ಹಿಡಿದರೆ ಸುತ್ತಿಗೆಯ ಸಾಲು ಸಾಲು ಗುರುತು ಕಾಣುತ್ತದೆ. ಹಳೆಯವಕ್ಕೆ ಹೊಟ್ಟೆಯ ನಡುವೆ ಹಲ್ಲುಹಲ್ಲಾಗಿ ಕಚ್ಚಿಸಿದ ಬೆಸುಗೆ ಇರುತ್ತದೆ. ಆ ಬೆಸುಗೆ ಹಳದಿಯಿದ್ದರೆ ಗಟ್ಟಿ ಬೆಸುಗೆ, ಕರಗಲು 850 ಡಿಗ್ರಿಗಿಂತ ಮೇಲೆ ಹೋಗಬೇಕು, ನಿಮ್ಮ ಬೆಂಕಿಗೆ ತೊಂದರೆಯಿಲ್ಲ. ಬೂದುಬಣ್ಣವಿದ್ದು ಚಾಕುವಿನ ತುದಿಗೆ ಬೆಣ್ಣೆಯಂತೆ ಕೆರೆದರೆ ತವರ-ಸೀಸ. ಅದು 190 ಡಿಗ್ರಿಗೇ ನೀರಾಗಿ ಪಾತ್ರೆ ಎರಡು ಹೋಳಾಗುತ್ತದೆ. ಬೆಳ್ಳಿ ಬಿಳುಪಿದ್ದು ಕೆರೆಯಲು ಗಟ್ಟಿಯಿದ್ದರೆ ಬೆಳ್ಳಿ ಬೆಸುಗೆಯಿರಬಹುದು, ಅದರ ಹತ್ತಿರ ಬೆಂಕಿ ಒಯ್ಯಬೇಡಿ. ಅಜ್ಜನ ಕಾಲದ ಕರಿ ಬಣ್ಣವೇ ಪಾತ್ರೆಯ ಬೆಲೆಯಾಗಿದ್ದರೆ ಕಾಯಿಸುವ ಯೋಚನೆಯನ್ನೇ ಬಿಡಿ. ಆ ಬಣ್ಣ ಹೋದರೆ ತಿರುಗಿ ಬರುವುದಿಲ್ಲ.

ಕಲಾಯಿ ತೆಗೆಯದೆ ಬೆಂಕಿ ಮುಟ್ಟಿಸಬೇಡಿ

ಅಡುಗೆಗೆ ಬಳಸಿದ ಪಾತ್ರೆಗೆ ಒಳಗೆ ಕಲಾಯಿ ಇರುತ್ತದೆ. ಕಲಾಯಿ ಎಂದರೆ ತವರ, 232 ಡಿಗ್ರಿಗೆ ಕರಗುತ್ತದೆ. ಅದು ಇದ್ದಂತೆಯೇ ಪಾತ್ರೆಯನ್ನು ಕೆಂಪಗೆ ಕಾಯಿಸಿದರೆ ತವರ ಹಿತ್ತಾಳೆಯೊಳಗೆ ಇಳಿದು ಅಲ್ಲಲ್ಲಿ ತಿಂದಂತೆ ಗುಳಿ ಬೀಳಿಸುತ್ತದೆ, ಆ ಜಾಗ ಹಪ್ಪಳದಂತೆ ಮುರಿಯುತ್ತದೆ. ತವರ-ಸೀಸದ ತೇಪೆಯೂ ಇದೇ ಹಾನಿ ಮಾಡುತ್ತದೆ.

ತೆಗೆಯುವ ಕ್ರಮ: ಪಾತ್ರೆಯನ್ನು ಸಣ್ಣ ಉರಿಯಲ್ಲಿ 250–280 ಡಿಗ್ರಿಗೆ ತನ್ನಿ. ಕಲಾಯಿ ಕನ್ನಡಿಯಂತೆ ಥಟ್ಟನೆ ಹೊಳೆಯಿತೆಂದರೆ ಕರಗಿದೆ. ದಪ್ಪ ಹತ್ತಿಬಟ್ಟೆಯ ಉಂಡೆಯನ್ನು ಇಕ್ಕುಳದಲ್ಲಿ ಹಿಡಿದು ಒಂದೇ ದಿಕ್ಕಿನಲ್ಲಿ ಒರೆಸಿ ಕೆಳಗಿನ ತಟ್ಟೆಗೆ ಬೀಳಿಸಿ. ಎರಡು ಮೂರು ಸಲ ಮಾಡಿ. ತಣಿದ ಮೇಲೂ ಬಿಳಿಛಾಯೆ ಉಳಿದಿದ್ದರೆ 120ರ ನಂಬರಿನ ನೀರಿನ ಉಜ್ಜುಕಾಗದದಿಂದ, ನೀರು ಹಾಕಿಕೊಂಡೇ ಉಜ್ಜಿ ಹಳದಿ ಕಾಣಿಸಿ. ಒಣಗಿದ್ದಾಗ ಉಜ್ಜಿದರೆ ತವರ-ಸೀಸದ ಧೂಳು ಮೂಗಿಗೆ. ಬೆಸುಗೆ ತೇಪೆ ಇದ್ದಲ್ಲಿಯೂ ಹೀಗೆಯೇ.

ಎಣ್ಣೆ, ಜಿಡ್ಡು, ವಾರ್ನಿಷ್ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಟೊಳ್ಳಾದ ಹಿಡಿ ಅಥವಾ ಸುತ್ತಲೂ ಮುಚ್ಚಿದ ದುಂಡು ಅಂಚು ಇದ್ದರೆ ಮರೆಯಲ್ಲಿ 2 ಮಿಲಿಮೀಟರಿನ ತೂತು ಹಾಕಿ. ಒಳಗೆ ಸಿಕ್ಕಿಬಿದ್ದ ಗಾಳಿ, ತೇವ ಕಾದರೆ ಸಿಡಿಯುತ್ತದೆ.

ಜಾಗ ಮತ್ತು ಬೆಂಕಿ

ನಮ್ಮಲ್ಲಿ ಎಲ್ಲೆಲ್ಲೂ ಸಿಗುವ ಕೆಂಪುಕಲ್ಲಿನ ಮೇಲೆ ಇಟ್ಟು ಕಾಯಿಸುವ ಆಸೆ ಬೇಡ. ಕೆಂಪುಕಲ್ಲು ಮಳೆನೀರನ್ನು ಹೀರಿಕೊಂಡಿರುತ್ತದೆ, ಉರಿ ತಾಗಿದರೆ ಹಬೆಯಾಗಿ ಚೂರು ಹಾರುತ್ತದೆ. ಸಿಮೆಂಟು ನೆಲವೂ, ಹೊಳೆಕಲ್ಲೂ ಅಷ್ಟೆ. ಬೆಂಕಿ ತಾಳುವ ಇಟ್ಟಿಗೆ (ಫೈರ್ ಬ್ರಿಕ್) ನಾಲ್ಕೈದು ತನ್ನಿ. ಹಗುರ ಬಿಳಿ ಇಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು, ಬಿಸಿಯನ್ನು ಕುಡಿಯುವುದಿಲ್ಲ. ಅದೂ ಇಲ್ಲದಿದ್ದರೆ ಚೆನ್ನಾಗಿ ಒಣಗಿದ ಮಂಗಳೂರು ಹಂಚಿನ ಚೂರುಗಳನ್ನು ಎರಡು ಪದರ ಹಾಸಿ. ಮೂರು ಕಡೆ ಇಟ್ಟಿಗೆ ನಿಲ್ಲಿಸಿ ಗೂಡಿನಂತೆ ಮಾಡಿದರೆ ಉರಿಯ ಅರ್ಧ ಬಿಸಿ ಉಳಿಯುತ್ತದೆ.

ಬೆಂಕಿಗೆ ಮೂರು ದಾರಿ. ಅಂಗೈಯಷ್ಟರ ತಗಡು, ಸಣ್ಣ ಚೆಂಬಿಗೆ 220 ಗ್ರಾಮಿನ ಬ್ಯುಟೇನ್ ಡಬ್ಬಿಯ ಟಾರ್ಚ್ ಸಾಕು. ಕೊಡಪಾನಕ್ಕೆ ಅದು ಸಾಲದು. ಹಿತ್ತಾಳೆ ಬಿಸಿಯನ್ನು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಆಚೀಚೆ ಹಂಚುತ್ತದೆ, ಒಂದೆಡೆ ಕಾಯಿಸುತ್ತಿದ್ದಂತೆ ಇನ್ನೊಂದೆಡೆ ತಣಿಯುತ್ತದೆ. ಇದಕ್ಕೆ ಕೊಳವೆ ಜೋಡಿಸಿದ ಎಲ್‌ಪಿಜಿ ಟಾರ್ಚ್, 30–35 ಮಿಲಿಮೀಟರಿನ ಅಗಲ ಮೂತಿಯದ್ದು ಬೇಕು. ಅಡುಗೆ ಮನೆಯ ಸಿಲಿಂಡರ್ ಇದಕ್ಕಲ್ಲ. 5 ಕಿಲೋದ ಸಿಲಿಂಡರ್ ತನ್ನಿ. ಒಂದು ಕಿಲೋ ಹಿತ್ತಾಳೆಯನ್ನು 600 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರ 5 ಗ್ರಾಂ ಗ್ಯಾಸ್ ಸಾಕು, ಆದರೆ ತೆರೆದ ಉರಿಯಲ್ಲಿ ಬಹುಪಾಲು ಬಿಸಿ ಗಾಳಿಪಾಲು. 40–50 ಗ್ರಾಂ ಹಿಡಿಯಿರಿ.

ಮೂರನೆಯದು ಗೆರಟೆಕರಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ಇಡೀ ಕೊಡಪಾನವನ್ನು ಒಂದೇ ಸಮ ಕಾಯಿಸಲು ಇದಕ್ಕಿಂತ ಒಳ್ಳೆಯದಿಲ್ಲ, ಕೆಡಿಸಲು ಇದಕ್ಕಿಂತ ಸುಲಭದ್ದೂ ಇಲ್ಲ. ಬ್ಲೋವರ್ ಹಾಕಿದ ಗೆರಟೆಕರಿ ಹಿತ್ತಾಳೆಯನ್ನು ಕರಗಿಸಿಬಿಡುತ್ತದೆ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ಮೂರು-ನಾಲ್ಕು ಕಿಲೋ ಕರಿ ಹೊತ್ತಿಸಿ, ಹೊಗೆ ನಿಂತು ಕೆಂಡ ಸಮ ಆದಮೇಲೆ ಬ್ಲೋವರ್ ನಿಲ್ಲಿಸಿ. ಐದು ಸೆಂಟಿಮೀಟರ್ ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಪಾತ್ರೆ. ಕೆಂಡಕ್ಕೆ ನೇರ ತಾಗಿದ ಜಾಗ ಕೂಡಲೇ ಗುಳಿ ಬೀಳುತ್ತದೆ. ಇಕ್ಕುಳದಿಂದ ಅರ್ಧ ನಿಮಿಷಕ್ಕೊಮ್ಮೆ ತಿರುಗಿಸುತ್ತಿರಿ.

ಯಾವ ದಾರಿಯಾದರೂ ಬಯಲಲ್ಲೋ ಮೂರು ಕಡೆ ತೆರೆದ ಚಾವಡಿಯಲ್ಲೋ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹಿತ್ತಾಳೆ ವಿಪರೀತ ಕಾದರೆ ಒಳಗಿನ ಸತು ಹಬೆಯಾಗಿ ಬಿಳಿ ಹೊಗೆ ಏಳುತ್ತದೆ (ಸತುವಿನ ಕುದಿಬಿಂದು 907 ಡಿಗ್ರಿ). ಅದನ್ನು ಕುಡಿದರೆ ಬಾಯಲ್ಲಿ ಸಿಹಿ-ಒಗರು, ಕೆಲವು ಗಂಟೆ ಕಳೆದು ಚಳಿಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಇಳಿಯುತ್ತದೆ, ಆದರೂ ಬರಿಸಿಕೊಳ್ಳುವುದು ಯಾಕೆ? ಪಾತ್ರೆಯನ್ನು ಕಟ್ಟಲು ಜಿಐ ತಂತಿ ಬಳಸಬೇಡಿ, ಅದರ ಮೇಲಿನ ಸತುವೂ ಹೊಗೆಯಾಗುತ್ತದೆ. ಸೆಂಟ್ರಿಂಗಿನವರು ಬಳಸುವ ಕಪ್ಪು ಕಟ್ಟುತಂತಿ ಸರಿ. ಹತ್ತಿಯ ಬಟ್ಟೆ, ಚರ್ಮದ ಕೈಗವಸು, ಕನ್ನಡಕ, ಒಂದು ಬಕೆಟ್ ನೀರು. ಪಾಲಿಸ್ಟರ್ ಪಂಚೆ ಉಟ್ಟು ಬರಬೇಡಿ.

ಕಾಯಿಸುವುದು: ಕತ್ತಲಲ್ಲಿ, ಕಣ್ಣಳತೆಯಲ್ಲಿ

ಬಿಸಿಯಾದ ಯಾವುದೇ ವಸ್ತು ಕತ್ತಲಲ್ಲಿ ಮೊದಲ ಸಲ ಮಿಣುಕುವುದು ಸುಮಾರು 525 ಡಿಗ್ರಿಗೆ. 600–650ರಲ್ಲಿ ಆರುತ್ತಿರುವ ಕೆಂಡದ ಒಳಮೈಯಂಥ ಮಂಕು ಕೆಂಪು. ನಮಗೆ ಬೇಕಾದದ್ದು ಇದೇ. 750 ದಾಟಿದರೆ ಪ್ರಕಾಶದ ಕೆಂಪು, ಅದು ಅಪಾಯ. 900 ಸುತ್ತಮುತ್ತ ಅಂಚು ಬೆವರಿ ಕುಸಿಯುತ್ತದೆ. 70-30ರದ್ದು ಕರಗಲು ಶುರುವಾಗುವುದು 915ಕ್ಕೆ. ಮಧ್ಯಾಹ್ನದ ಬಿಸಿಲಲ್ಲಿ ಮಂಕು ಕೆಂಪು ಕಾಣುವುದೇ ಇಲ್ಲ. ಇನ್ನೂ ಕೆಂಪಾಗಲಿಲ್ಲ ಎಂದು ಉರಿ ಹಿಡಿಯುತ್ತಲೇ ಇರುತ್ತೀರಿ, ಕಣ್ಣಿಗೆ ಕೆಂಪು ಕಾಣುವಾಗ 800 ಆಗಿರುತ್ತದೆ. ಮುಸ್ಸಂಜೆ ಕಳೆದ ಮೇಲೆ, ದೂರದಲ್ಲೊಂದು ಮಂದ ದೀಪ ಇಟ್ಟುಕೊಂಡು ಮಾಡಿ. ಕಣ್ಣು ಕತ್ತಲಿಗೆ ಹೊಂದಲು ಐದು ನಿಮಿಷ ಕೊಡಿ.

ಬಂದೂಕಿನಂತೆ ಗುರಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಇಲ್ಲಿ ನಂಬಬೇಡಿ. ಹೊಳೆಯುವ ಹಿತ್ತಾಳೆ ತನ್ನ ಬಿಸಿಯನ್ನು ಹೊರಸೂಸುವುದು ತೀರಾ ಕಡಿಮೆ, ಎದುರಿನ ಗೋಡೆಯನ್ನೇ ಕನ್ನಡಿಯಂತೆ ತೋರಿಸುತ್ತದೆ. 500 ಡಿಗ್ರಿ ಇದ್ದಾಗಲೂ ಪರದೆಯಲ್ಲಿ ನೂರರ ಅಂಕಿ ಬರಬಹುದು. ಮಲ್ಟಿಮೀಟರಿನ ಜೊತೆ ಬರುವ ಬರಿ ತಂತಿಯ ಪ್ರೋಬ್ ಹೆಚ್ಚಾಗಿ 250 ಡಿಗ್ರಿಗಷ್ಟೇ. ಅಳೆದೇ ತೀರಬೇಕೆಂದಿದ್ದರೆ ಉಕ್ಕಿನ ಕವಚದ ಕೆ ಮಾದರಿಯ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತಂದು ಉರಿ ತಾಗದ ಬದಿಗೆ ಒತ್ತಿ ಹಿಡಿಯಿರಿ.

ಇದಕ್ಕಿಂತ ಅಗ್ಗದ ಸಾಕ್ಷಿ ಬಿಳಿಗಾರ (ಬೊರಾಕ್ಸ್). ಚಿಟಿಕೆ ಬಿಳಿಗಾರವನ್ನು ನೀರಲ್ಲಿ ಕಲಸಿ, ಕಾಯಿಸುವ ಜಾಗದ ಅಂಚಿನಲ್ಲಿ ಸಾಸಿವೆಯಷ್ಟು ಬೊಟ್ಟು ಇಡಿ. ಬಿಸಿ ಏರುತ್ತಿದ್ದಂತೆ ಅದು ಮೊದಲು ಅರಳಿನಂತೆ ಉಬ್ಬುತ್ತದೆ. ಹಾಗೆ ಉಬ್ಬಿ ಬಿಳಿಯಾಗಿಯೇ ಇರುವಷ್ಟು ಹೊತ್ತು ನೀವು ಕ್ಷೇಮ. ಬೊಟ್ಟು ಕುಸಿದು ಗಾಜಿನ ಹನಿಯಂತೆ ಹೊಳೆಯಿತೆಂದರೆ 740 ಮುಟ್ಟಿದೆ, ಉರಿ ತೆಗೆಯಿರಿ. ಉಳಿದ ಗಾಜನ್ನು ಆಮೇಲೆ ಬಿಸಿನೀರಿನಲ್ಲಿ ನೆನೆಸಿದರೆ ಬಿಡುತ್ತದೆ.

ಉರಿಯ ಕ್ರಮ ಹೀಗೆ.

1. ಉರಿ ಮೆದುವಾಗಿ, ಪೊದೆಯಂತೆ ಹರಡಿರಲಿ. ಭೋರ್ಗರೆಯುವ ಚೂಪು ನೀಲಿ ಉರಿ ಬೇಡ. ಒಳಗಿನ ನೀಲಿ ಮೊನೆ ಲೋಹದಿಂದ ಮೂರು-ನಾಲ್ಕು ಸೆಂಟಿಮೀಟರ್ ದೂರವಿರಲಿ.

2. ದಪ್ಪ ಇರುವ ಕಡೆಯಿಂದ ಶುರು ಮಾಡಿ. ಬಾಯಂಚು, ಬುಡ, ಬೆಸುಗೆಯ ಸಾಲು ಮೊದಲು. ತೆಳು ಹೊಟ್ಟೆ ಕೊನೆಗೆ. ಉಲ್ಟಾ ಮಾಡಿದರೆ ಹೊಟ್ಟೆ ಕರಗುವ ಹೊತ್ತಿಗೆ ಅಂಚು ಇನ್ನೂ ತಣ್ಣಗೆ.

3. ನೆಗ್ಗು ಒಂದೇ ಕಡೆಯಿದ್ದರೆ ಇಡೀ ಪಾತ್ರೆ ಬೇಡ. ನೆಗ್ಗು ಮತ್ತು ಅದರ ಸುತ್ತ ಅಂಗೈ ಅಗಲ. ಉರಿಯನ್ನು ಸುರುಳಿಯಾಗಿ ಹೊರಗಿನಿಂದ ಒಳಗೆ ಆಡಿಸಿ, ಒಂದೆಡೆ ನಿಲ್ಲಿಸಬೇಡಿ.

4. ಮೊದಲು ಮೈ ಬಣ್ಣ ಬದಲಾಗುತ್ತದೆ: ಕಂದು, ನೇರಳೆ, ಆಮೇಲೆ ಕಪ್ಪು-ಬೂದು. ಇಲ್ಲಿಗೆ ಆಯಿತೆಂದು ನಿಲ್ಲಿಸಿದರೆ ಮೆದುವಾಗಿರುವುದಿಲ್ಲ. ಮಂಕು ಕೆಂಪು ಕಂಡಮೇಲೆ ಆ ಜಾಗದಲ್ಲಿ ಹತ್ತು ಹದಿನೈದು ಸೆಕೆಂಡು ಉಳಿಸಿ, ಮುಂದಕ್ಕೆ ಸರಿಯಿರಿ. ಹತ್ತು ಸೆಂಟಿಮೀಟರ್ ಚೌಕದ, ಒಂದು ಮಿಲಿಮೀಟರ್ ದಪ್ಪದ ಬಿಡಿ ತಗಡಿಗೆ ಒಳ್ಳೆಯ ಟಾರ್ಚಿನಲ್ಲಿ ಒಂದೆರಡು ನಿಮಿಷ ಹಿಡಿಯುತ್ತದೆ.

5. ಬಿಳಿ ಹೊಗೆ ಕಂಡರೆ, ಅಥವಾ ಮೈ ಒದ್ದೆಯಾದಂತೆ ಹೊಳೆದರೆ ಆ ಕ್ಷಣ ಉರಿ ಆಚೆಗೆ.

ಕೆಂಪಾದ ಹಿತ್ತಾಳೆಯನ್ನು ಇಕ್ಕುಳದಿಂದ ಎತ್ತಿ ಕುಲುಕಬೇಡಿ, ಬಡಿಯುವುದಂತೂ ಬೇಡವೇ ಬೇಡ. ಕಬ್ಬಿಣವನ್ನು ಕಾದಾಗಲೇ ಬಡಿ ಎನ್ನುವ ಮಾತು ಕಮ್ಮಾರನ ಕುಲುಮೆಗೆ ಸರಿ, ಇಲ್ಲಿ ಅದು ತಿರುಗುಮುರುಗು. ಬಿಸಿಯಿರುವ ಹಿತ್ತಾಳೆ, ಅದರಲ್ಲೂ ಚೂರು ಸೀಸ ಇದ್ದರೆ, ಏಟಿಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕಾಯಿಸುವುದು ಬಿಸಿಯಲ್ಲಿ, ಬಡಿಯುವುದು ತಣ್ಣಗಾದ ಮೇಲೆ.

ತಣಿಸುವುದು

ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಎನ್ನುವುದು ಉಕ್ಕಿನ ಮಾತು. 70-30ರ ಹಿತ್ತಾಳೆಗೆ ಬೇಗ ತಣಿದರೂ ನಿಧಾನ ತಣಿದರೂ ಮೆದುತನ ಒಂದೇ. ಆದರೆ ಕೆಂಪಗಿರುವಾಗಲೇ ಅದ್ದಿದರೆ ಸೊಟ್ಟಾಗುತ್ತದೆ, ಬೆಸುಗೆ ಬಿರುಕುತ್ತದೆ. ಸತು ಹೆಚ್ಚಿರುವ 60-40ರದ್ದು ನಿಜವಾಗಿಯೂ ಗಡುಸಾಗುತ್ತದೆ. ಕೆಂಪು ಪೂರ್ತಿ ಆರಿ ಎರಡು ಮೂರು ನಿಮಿಷ ಕಳೆಯಲಿ. ಅವಸರವಿಲ್ಲದಿದ್ದರೆ ಹಾಗೆಯೇ ಇಟ್ಟಿಗೆಯ ಮೇಲೆ ಬಿಟ್ಟು ಊಟ ಮಾಡಿ ಬನ್ನಿ. ಅದ್ದುವುದಾದರೆ ಕೊಡಪಾನವನ್ನು ಬಾಯಿ ನೆಟ್ಟಗೆ ಮೇಲಾಗಿ ಇಳಿಸಬೇಡಿ. ಸಣ್ಣ ಕುತ್ತಿಗೆಯಿಂದ ಒಳಗೆ ಹೋದ ನೀರು ಕುದಿದು ಮುಖಕ್ಕೆ ಎರಚುತ್ತದೆ. ಓರೆಯಾಗಿ, ಬುಡ ಮೊದಲು.

ಮೆದುವಾಗಿದೆಯೇ ಎಂದು ಕಿವಿಯೇ ಹೇಳುತ್ತದೆ. ಮೊದಲು ಉಗುರಿನಿಂದ ತಟ್ಟಿದಾಗ ಟಿಣ್ ಎನ್ನುತ್ತಿದ್ದದ್ದು ಈಗ ಥಪ್ ಎನ್ನುತ್ತದೆ. ಅದೇ ದಪ್ಪದ ತುಂಡು ತಗಡಿನ ಬೆರಳಗಲ ಪಟ್ಟಿಯನ್ನು ಜೊತೆಗೇ ಕಾಯಿಸಿಟ್ಟರೆ ಇನ್ನೂ ಖಚಿತ: ಕೈಯಲ್ಲೇ ಪೂರ್ತಿ ಮಡಚಿ ಬೆನ್ನಿಗೆ ಬೆನ್ನು ತಾಗಿಸಿದಾಗ ಬಿರುಕಿಲ್ಲದೆ, ಹಿಂದಕ್ಕೆ ಪುಟಿಯದೆ ಕೂತರೆ ಸರಿ.

ಹುಳಿಯ ಸ್ನಾನ

ಕಪ್ಪು ಕಿಟ್ಟ ಇದ್ದಂತೆಯೇ ಬಡಿದರೆ ಅದು ಮೈಯೊಳಗೆ ಕೂತು ಚುಕ್ಕೆಯಾಗುತ್ತದೆ. ಒಂದು ಲೀಟರ್ ಬಿಸಿನೀರಿಗೆ (ಕೈ ಇಟ್ಟರೆ ತಡೆಯದಷ್ಟು) 100 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. 15–20 ನಿಮಿಷ. ಮನೆಯ ಹಿಂದೆ ಬಿಂಬುಳಿ ಮರವಿದ್ದರೆ ಅರ್ಧ ಕಿಲೋ ಕಾಯಿ ಜಜ್ಜಿ ನೀರಲ್ಲಿ ಕುದಿಸಿದ ರಸವೂ ಕೆಲಸ ಮಾಡುತ್ತದೆ, ಹುಣಸೆಹುಳಿಯೂ. ಹೊತ್ತು ಮಾತ್ರ ಹೆಚ್ಚು. ಪ್ಲಾಸ್ಟಿಕ್ ಬಕೆಟ್ ಸರಿ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆ ಬೇಡ. ತೆಗೆಯಲು ಬಿದಿರಿನ ಕಡ್ಡಿ ಅಥವಾ ಪ್ಲಾಸ್ಟಿಕ್ ಇಕ್ಕುಳ. ಕಬ್ಬಿಣ ಮುಳುಗಿಸಿದಿರೋ, ಹುಳಿಯಲ್ಲಿ ಕರಗಿದ ತಾಮ್ರವೆಲ್ಲ ಹಿತ್ತಾಳೆಯ ಮೇಲೆ ಕೂತು ಪಾತ್ರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಹೊಸ ಹುಳಿನೀರಿಗೆ ಔಷಧಿ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಕಾಲು ಭಾಗ ಸೇರಿಸಿ ಕೆಲವು ನಿಮಿಷ ಅದ್ದಿ, ಗುಲಾಬಿ ಬಿಡುತ್ತದೆ. ಕೊನೆಗೆ ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆಯಿರಿ. ಬಳಸಿದ ಹುಳಿನೀರಲ್ಲಿ ತಾಮ್ರ ಇದೆ, ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ.

ನೆಗ್ಗು ಎಬ್ಬಿಸುವುದು

ಚೆಂಬಿನೊಳಗೆ ಕೈ ಹೋಗುತ್ತದೆ. ಕೊಡಪಾನದ ಕುತ್ತಿಗೆಯಲ್ಲಿ ಹೋಗುವುದಿಲ್ಲ. ಇದಕ್ಕೊಂದು ಹಳೆಯ ಉಪಾಯ: 14–16 ಮಿಲಿಮೀಟರ್ ದಪ್ಪದ, ಎರಡಡಿ ಉದ್ದದ ಕಬ್ಬಿಣದ ಸಲಾಕೆ. ಒಂದು ತುದಿಯನ್ನು ನಾಲ್ಕೈದು ಸೆಂಟಿಮೀಟರ್ ಬರುವಂತೆ ಮೇಲಕ್ಕೆ ಬಗ್ಗಿಸಿ, ಆ ತುದಿಯನ್ನು ಗೋಲಿಯಂತೆ ಉರುಟಾಗಿಸಿ ನುಣುಪಾಗಿ ಉಜ್ಜಿ. ಇನ್ನೊಂದು ತುದಿ ವೈಸಿನಲ್ಲಿ (ಮೇಜಿಗೆ ಕೂರಿಸಿದ ಹಿಡಿತದ ಸಾಧನ) ಬಿಗಿಯಾಗಲಿ. ಕೊಡಪಾನವನ್ನು ಸಲಾಕೆಗೆ ತೂರಿಸಿ, ಉರುಟು ತುದಿ ನೆಗ್ಗಿನ ಕೆಳಗೆ ಬರುವಂತೆ ಒಬ್ಬರು ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ವೈಸಿನ ಹತ್ತಿರ ಸಲಾಕೆಯ ಮೇಲೆ ಸುತ್ತಿಗೆಯಿಂದ ಹಗುರ ಏಟು ಕೊಡಬೇಕು. ಏಟಿಗೆ ಸಲಾಕೆ ಕೆಳಗೆ ಬಗ್ಗಿ ಪುಟಿಯುತ್ತದೆ, ಆ ಪುಟಿತಕ್ಕೆ ತುದಿ ಒಳಗಿನಿಂದ ಒದೆಯುತ್ತದೆ. ತುದಿ ಎಲ್ಲಿ ತಾಗುತ್ತಿದೆ ಎಂದು ಕಾಣುವುದಿಲ್ಲ. ಹೊರಗೆ ಬೆರಳಿಟ್ಟರೆ ತಿಳಿಯುತ್ತದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ನೆಗ್ಗಿನ ನಡುವನ್ನು ಮೊದಲು ಒದೆಯುವುದು ಎಲ್ಲರೂ ಮಾಡುವ ತಪ್ಪು. ನಡು ಮೇಲೆದ್ದರೆ ಸುತ್ತ ಉಂಗುರದಂತೆ ಗುಡ್ಡ ನಿಂತು ಅದನ್ನು ಇಳಿಸಲಾಗದು. ಅಂಚಿನಿಂದ ಸುತ್ತುತ್ತ ನಡುವಿಗೆ ಬನ್ನಿ. ಪ್ರತಿ ಸುತ್ತು ಅರ್ಧ ಮಿಲಿಮೀಟರ್ ಎದ್ದರೂ ಸಾಕು. ಮೇಲೆದ್ದ ಕಡೆ ಹೊರಗಿನಿಂದ ಹುಣಸೆ ಮರದ ಕೊಡತಿಯಿಂದ ತಟ್ಟಿ. ಕಬ್ಬಿಣದ ಸುತ್ತಿಗೆ ಕೊನೆಯ ಹಂತಕ್ಕೆ ಇರಲಿ, ಅದರ ಮುಖವೂ ಕನ್ನಡಿಯಂತಿರಬೇಕು. ಮುಖದಲ್ಲಿರುವ ಪ್ರತಿ ಗೀರೂ ಪಾತ್ರೆಗೆ ಇಳಿಯುತ್ತದೆ.

ಥಪ್ ಎನ್ನುತ್ತಿದ್ದದ್ದು ಪುನಃ ಟಿಣ್ ಎನ್ನತೊಡಗಿದರೆ, ಕೊಡತಿ ಪುಟಿಯತೊಡಗಿದರೆ ನಿಲ್ಲಿಸಿ. ಪುನಃ ಕಾಯಿಸುವ ಹೊತ್ತು ಬಂದಿದೆ. ಆಳವಾದ ನೆಗ್ಗಿಗೆ ಎರಡು ಮೂರು ಸಲ ಬೇಕಾಗುತ್ತದೆ. ಆದರೆ ನಾಲ್ಕು ಏಟು ಹೊಡೆದು ಒಮ್ಮೆ, ಮತ್ತೆ ನಾಲ್ಕು ಹೊಡೆದು ಒಮ್ಮೆ ಕಾಯಿಸುವುದೂ ತಪ್ಪೇ. ಸ್ವಲ್ಪವೇ ಬಡಿದ ಲೋಹವನ್ನು ಕಾಯಿಸಿದರೆ ಹೊಸ ಹರಳು ಹುಟ್ಟಲು ಬೇಕಾದಷ್ಟು ತಿರುಚು ಒಳಗಿರುವುದಿಲ್ಲ, ಹುಟ್ಟಿದ ಕೆಲವೇ ಹರಳು ದೈತ್ಯನಂತೆ ಬೆಳೆಯುತ್ತವೆ. ಕಿತ್ತಳೆ ಸಿಪ್ಪೆಗೆ ಇದು ಎರಡನೆಯ ದಾರಿ.

ನೆಗ್ಗು ದುಂಡಗಿರದೆ ಕಾಗದ ಮಡಚಿದಂತೆ ಚೂಪು ಗೆರೆ ಇದ್ದರೆ ಕಾಯಿಸಿ ಮೆದು ಮಾಡದೆ ಒಂದು ಏಟೂ ಹಾಕಬೇಡಿ. ಆ ಗೆರೆಯಲ್ಲಿ ಲೋಹ ಆಗಲೇ ಸೀಳುವ ಅಂಚಿನಲ್ಲಿದೆ. ಕಾಯಿಸಿ, ತೊಳೆದು, ಭೂತಗನ್ನಡಿಯಲ್ಲಿ ನೋಡಿ. ಸೀಳು ಬಿಟ್ಟಿದ್ದರೆ ಅದರ ಎರಡೂ ತುದಿಯಲ್ಲಿ ಒಂದೂವರೆ ಮಿಲಿಮೀಟರಿನ ತೂತು ಕೊರೆಯಿರಿ, ಅಲ್ಲಿಂದಾಚೆ ಹರಿಯುವುದಿಲ್ಲ. ನೆಗ್ಗು ಎಬ್ಬಿಸಿದ ಮೇಲೆ ಗಟ್ಟಿ ಬೆಸುಗೆ ಹಾಕಿಸಬಹುದು.

ಕೊನೆಯ ಏಟು ಮತ್ತು ದನದ ಹಟ್ಟಿಯ ಗಾಳಿ

ನೆಗ್ಗು ಎದ್ದಿತು. ಈಗ ಪಾತ್ರೆ ಪೂರ್ತಿ ಮೆದು, ಹೆಬ್ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಕಾಯಿಸಿದ್ದನ್ನೇ ಕೊನೆಯ ಹಂತ ಮಾಡಿ ಬಳಕೆಗೆ ಇಳಿಸಿದರೆ ಬಾವಿಕಟ್ಟೆಗೆ ತಾಗಿದ ಮೊದಲ ದಿನವೇ ಪುನಃ ನೆಗ್ಗುತ್ತದೆ. ಆದ್ದರಿಂದ ಕೊನೆಯ ಸುತ್ತನ್ನು ನುಣುಪು ಸುತ್ತಿಗೆಯಿಂದ ಒಂದರ ಪಕ್ಕ ಒಂದರಂತೆ ಹಗುರ ಏಟು ಕೊಟ್ಟೇ ಮುಗಿಸಬೇಕು. ಆ ಬಡಿತವೇ ಗಡಸುತನ.

ಇಲ್ಲೊಂದು ತೊಡಕು ಇದೆ. ಬಡಿದ ಹಿತ್ತಾಳೆಯೊಳಗೆ ಎಳೆತ ಉಳಿದಿರುತ್ತದೆ. ಅದರ ಜೊತೆ ತೇವ ಮತ್ತು ಅಮೋನಿಯ ಸೇರಿದರೆ, ಯಾರೂ ಮುಟ್ಟದೆ ಇಟ್ಟಲ್ಲೇ ಪಾತ್ರೆ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಕಾಡತೂಸುಗಳು ಮಳೆಗಾಲ ಕಳೆದಾಗ ತಮ್ಮಷ್ಟಕ್ಕೆ ಬಿರಿದಿರುತ್ತಿದ್ದವು. ಅವನ್ನು ಇಟ್ಟದ್ದು ಕುದುರೆ ಲಾಯಗಳಲ್ಲಿ. ಕುದುರೆಯ ಮೂತ್ರದ ಅಮೋನಿಯ ಮತ್ತು ಕಾಡತೂಸಿನ ಕವಚದಲ್ಲಿ ಉಳಿದ ಎಳೆತ ಸೇರಿ ಹಾಗಾಗುತ್ತದೆಂದು 1921ರಲ್ಲಿ ಲೋಹಶಾಸ್ತ್ರಜ್ಞರು ತೋರಿಸಿಕೊಟ್ಟರು. ಋತುವಿಗೆ ಬಿರಿಯುವುದೆಂದೇ ಇಂಗ್ಲಿಷಿನಲ್ಲಿ ಅದಕ್ಕೆ ಹೆಸರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕಡೆ, ಹಟ್ಟಿಗೆ ತಾಗಿದ ಕೋಣೆಯಲ್ಲಿ ಹಿತ್ತಾಳೆ ಪೇರಿಸಿಡುವ ಮನೆಗಳಲ್ಲಿ, ಇದು ಬರೀ ಲಾಯದ ಕತೆಯಲ್ಲ.

ಪರಿಹಾರ ಸುಲಭ. ಮುಗಿದ ಪಾತ್ರೆಯನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಈ ಬಿಸಿಗೆ ಒಳಗಿನ ಎಳೆತ ಸಡಿಲುತ್ತದೆ, ಬಡಿತದ ಗಡಸುತನ ಹೋಗುವುದಿಲ್ಲ. ಚೆಂಬು, ಲೋಟ, ಸಣ್ಣ ಹರಿವಾಣ ಓಟಿಜಿ ಎಂಬ ಸಣ್ಣ ವಿದ್ಯುತ್ ಒಲೆಯಲ್ಲಿ ಹಿಡಿಯುತ್ತವೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಹೆಚ್ಚಿನವು 250ಕ್ಕೇ ನಿಲ್ಲುತ್ತವೆ. ಕೊಡಪಾನ ಅದರಲ್ಲಿ ಹಿಡಿಯದು. ಡ್ರಮ್ಮಿನೊಳಗೆ ಇಟ್ಟು ತಗಡು ಮುಚ್ಚಿ, ಕೆಳಗೆ ಸಣ್ಣ ಉರಿ ಕೊಟ್ಟು, ಒಲೆಯ ಥರ್ಮಾಮೀಟರ್ ಒಳಗೆ ತೂಗಿಸಿ 250–275ರ ನಡುವೆ ಹಿಡಿದಿಡಿ. ಕಲಾಯಿ ಹಾಕಿಸುವುದಿದ್ದರೆ ಇದಾದ ಮೇಲೆಯೇ. ಕಲಾಯಿಗೆ ಬಳಸುವ ನವಸಾಗರವೂ ಅಮೋನಿಯದ ಉಪ್ಪೇ, ಹಾಗಾಗಿ ಕಲಾಯಿ ಮುಗಿದ ದಿನವೇ ಒಳಹೊರಗೆ ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ಒರೆಸಿ.

ತಾಮ್ರದ ಹಂಡೆಗೂ ಈ ಕ್ರಮವೆಲ್ಲ ಹೊಂದುತ್ತದೆ, ಒಂದೇ ವ್ಯತ್ಯಾಸ: ಹಳದಿಯಾಗಿ ಹೊಗೆಯಾಡುವ ಉರಿಯನ್ನು ಬಹಳ ಹೊತ್ತು ಹಿಡಿಯಬೇಡಿ. ಸಾಮಾನ್ಯ ತಾಮ್ರದಲ್ಲಿ ಚೂರು ಆಮ್ಲಜನಕ ಇರುತ್ತದೆ. ಉರಿಯಲ್ಲಿ ಸುಡದೆ ಉಳಿದ ಹೈಡ್ರೋಜನ್ ಒಳಹೊಕ್ಕು ಅಲ್ಲೇ ನೀರಾವಿಯಾಗಿ ತಾಮ್ರವನ್ನು ಒಳಗಿನಿಂದ ಬಿರಿಸುತ್ತದೆ. ಗಾಳಿ ಚೆನ್ನಾಗಿ ಬೆರೆತ ನೀಲಿ ಉರಿ ಇಟ್ಟು ಬೇಗ ಮುಗಿಸಿ. ಔಷಧಿ ಹೊಡೆಯುವ ಪಂಪಿನ, ಸ್ಕೂಟರಿನ ತಾಮ್ರದ ವಾಶರ್ ಗಟ್ಟಿಯಾಗಿ ಸೋರತೊಡಗಿದರೂ ಎಸೆಯುವುದು ಬೇಡ, ತಂತಿಗೆ ಪೋಣಿಸಿ ಮಂಕು ಕೆಂಪಿಗೆ ಕಾಯಿಸಿ ನೀರಿಗೆ ಹಾಕಿದರೆ ಇನ್ನೊಂದು ಸಲ ಬಿಗಿಯುತ್ತದೆ.

ಸರಿಪಡಿಸಿದ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುವ ಮೊದಲು ಒಳಗೆ ತೇವ ಉಳಿಯದಂತೆ ಬಿಸಿಲಿಗಿಟ್ಟು, ಬಾಯಿ ಕೆಳಗಾಗಿ ಮರದ ಪಟ್ಟಿಯ ಮೇಲೆ ಇಡಿ. ಯೂರಿಯಾ, ಅಮೋನಿಯಂ ಸಲ್ಫೇಟ್ ಚೀಲಗಳು ಅದೇ ಕೋಣೆಯಲ್ಲಿದ್ದರೆ ಚೀಲಗಳನ್ನು ಬೇರೆಡೆಗೆ ಸಾಗಿಸಿ.